ಮೇ ಅಲ್ಲ, ಮಾರ್ಚ್

ಅಕ್ಕಾ,

ನಿನ್ನ ಕನ್ನಡಕದ ಡಬ್ಬಿಯ ಕೆಳಗೆ ಈ ಕಟ್ಟು ಸಿಕ್ಕಾಗ ಗಾಬರಿಯಾಗಬೇಡ. ಪತ್ರ ಉದ್ದವಲ್ಲ, ಅಕ್ಷರ ದಪ್ಪ. ನಮ್ಮ ಹಳೆಯ ಪೋಸ್ಟರ್ ಅಕ್ಷರದ ಗಾತ್ರಕ್ಕೆ ಬರೆದಿದ್ದೇನೆ, ಪುಟಕ್ಕೆ ಐದೇ ಸಾಲು. ಒಂದೇ ಮನೆಯಲ್ಲಿದ್ದುಕೊಂಡು ಇದೇನು ಪತ್ರ ಎಂದು ಬೈಯುತ್ತೀಯ. ಎದುರಿಗೆ ಕೂತರೆ ನನ್ನ ಮುಖ ಕಾಣಲೆಂದು ನೀನು ನನ್ನ ಕಿವಿಯ ಕಡೆ ಕಣ್ಣು ತಿರುಗಿಸುತ್ತೀಯಲ್ಲ, ಆಮೇಲೆ ನನಗೆ ಮಾತೇ ಹೊರಡುವುದಿಲ್ಲ.

ಅಚ್ಚುಕೂಟದ ಹಿಂಬದಿಯ ಆ ಕೋಣೆ ನೆನಪಿದೆಯಲ್ಲ? ಒಂದು ಮೇಜು, ಎರಡು ಕುರ್ಚಿ, ಗೋಡೆಯಾಚೆ ಯಂತ್ರದ ದಡಬಡ. ಹತ್ತೊಂಬತ್ತು ವರ್ಷ ನೀನು ಹಸ್ತಪ್ರತಿಯನ್ನು ಗಟ್ಟಿಯಾಗಿ ಓದಿದೆ, ನಾನು ಕರಡು ತಿದ್ದಿದೆ. ವಿರಾಮಚಿಹ್ನೆಗಳನ್ನೂ ಬಾಯಿಬಿಟ್ಟು ಓದುವ ಆ ಚಾಳಿ ನಿನ್ನ ಜೊತೆ ಮನೆಗೂ ಬಂತು. "ಕೈ ತೊಳ್ಕೋ ಅಲ್ಪವಿರಾಮ ತಟ್ಟೆ ಹಾಕು ಪೂರ್ಣವಿರಾಮ ಎಷ್ಟು ಸಲ ಕರೀಬೇಕೋ ತಕರಾರಪ್ಪ ಪ್ರಶ್ನಾರ್ಥಕ!" ಪತ್ರಿಕೆಗಳಿಗೆ ದೂರು ಬರೆದು ಬರೆದು ನಾನು ಸಂಪಾದಿಸಿದ್ದು ನೀನಿಟ್ಟ ಆ ಹೆಸರೊಂದನ್ನೇ.

ಆ ಪ್ರವಾಸ ಕೈಪಿಡಿಯನ್ನು ಮರೆತಿರಲಾರೆ. ಹೊರದೇಶದ ನೂರಾರು ಊರು, ಪ್ರತಿ ಊರಿನ ಕೆಳಗೂ 'ತಕ್ಕ ಕಾಲ' ಎಂದೊಂದು ಸಾಲು. ಓದುತ್ತಾ ಓದುತ್ತಾ ನೀನು ನಿಲ್ಲಿಸಿದ್ದು ಒಂದೇ ಕಡೆ. ವರ್ಷಕ್ಕೆ ಹದಿನೈದೇ ದಿನ ತಲೆಯಿಂದ ಬುಡದವರೆಗೆ ಹೂವಾಗುವ ಬೆಟ್ಟ. ಚಿತ್ರ ಕಪ್ಪು ಬಿಳುಪು. "ಯಾವ ಬಣ್ಣ ಇರಬಹುದೋ? ಈ ಪುಣ್ಯಾತ್ಮ ಬರೆದೇ ಇಲ್ಲ ನೋಡು" ಎಂದೆ. ನಿನ್ನ ಬಾಯಿಂದ ನಿನಗಾಗಿ ಒಂದು ಆಸೆ ಬಂದದ್ದು ನಾನು ಕೇಳಿದ್ದು ಅದೊಂದೇ ಸಲ.

ಇಪ್ಪತ್ತಾರು ವರ್ಷದ ನಂತರ ಹೊರಡೋಣ ಎಂದು ನಾನು ಹಟ ಹಿಡಿದಾಗ ನೀನು ಅದೇ ಕೈಪಿಡಿ ತರಿಸಿ, ಭೂತಗನ್ನಡಿ ಇಟ್ಟು ಹುಡುಕಿ, ತೀರ್ಪು ಕೊಟ್ಟೆ: "ತಕ್ಕ ಕಾಲ ಮೇ. ಮೇನಲ್ಲೇ ಹೋಗೋದು. ಅದಕ್ಕೆ ಮುಂಚೆ ಹೋಗಿ ಬರೀ ಕಡ್ಡಿ ನೋಡ್ಲಾ?"

ವೀಸಾ ಕಚೇರಿಯ ಕಿಟಕಿ ನಿನ್ನ ಅರ್ಜಿಯನ್ನು ಎರಡು ಸಲ ವಾಪಸು ಕಳಿಸಿದ್ದು ನಿನಗೆ ಗೊತ್ತು, ಗುಮಾಸ್ತ ಅಂದದ್ದು ಗೊತ್ತಿಲ್ಲ. "ಫೋಟೋದಲ್ಲಿ ಮೇಡಂ ಎಲ್ಲೋ ನೋಡ್ತಿದಾರಲ್ಲ ಸಾರ್. ಕಣ್ಣು ನೇರ ಇರಬೇಕು, ನಿಯಮ." ಯಾವುದನ್ನಾದರೂ ನೋಡಬೇಕೆಂದರೆ ಅದರ ಪಕ್ಕಕ್ಕೆ ನೋಡಬೇಕಾದವಳು ಕ್ಯಾಮೆರಾವನ್ನು ನೋಡಲು ಪ್ರಯತ್ನಪಟ್ಟಿದ್ದೇ ತಪ್ಪಾಯಿತು! ಕಾಣದವರು ಕಾಣುವವರ ಹಾಗೆ ನಟಿಸಿ ತೋರಿಸಿದರೆ ಮಾತ್ರ ಗಡಿ ದಾಟಬಹುದು ಎಂದು ಯಾವ ಕಾನೂನಿನ ಪುಸ್ತಕದಲ್ಲಿದೆ ಎಂದು ಕೂಗಾಡಿದೆ. ಸಾಲಿನಲ್ಲಿದ್ದವರು ಗಡಿಯಾರ ನೋಡಿಕೊಂಡರು.

ಮೂರನೆಯ ಫೋಟೋ ಹೇಗೆ ಸರಿಬಂತು ಎಂದು ನೀನು ಕೇಳಿದೆ. ನಾನು ಕ್ಯಾಮೆರಾದ ಹಿಂದೆ ನಿಂತು ಕೈಪಿಡಿಯ ಆ ಪುಟವನ್ನು ಅಲ್ಪವಿರಾಮ, ಪೂರ್ಣವಿರಾಮ ಸಮೇತ ಓದಿದೆನಲ್ಲ, ಆಗ ನೀನು ನೋಡುವುದನ್ನು ಬಿಟ್ಟು ಕೇಳತೊಡಗಿದೆ. ನಿನ್ನ ಕಣ್ಣು ನೇರ ನನ್ನ ದನಿಗೆ ಬಂದು ನಿಂತಿತು. ಫೋಟೋದವನು "ಆಹಾ, ಹಾಗೇ ಇರಿ ಅಮ್ಮಾ" ಎಂದು ಕ್ಲಿಕ್ಕಿಸಿದ.

ನಿನ್ನೆ ಕೊನೆಗೂ ಅರ್ಜಿ ತೆಗೆದುಕೊಂಡರು. ಅದೇ ಗುಮಾಸ್ತ ನಮ್ಮ ಪ್ರವಾಸದ ಉದ್ದೇಶ ಓದಿ ತಲೆಯೆತ್ತಿದ. "ಮೇನಲ್ಲಿ ಹೂ ನೋಡೋಕಾ? ಯಾವ ಪುಸ್ತಕ ನೋಡಿದ್ರಿ ಸಾರ್? ಅಲ್ಲಿ ಮಾರ್ಚ್‌ನಲ್ಲೇ ಅರಳಿ ಉದುರಿ ಹೋಗುತ್ತೆ."

ಜಗಳಕ್ಕೆ ನಿಲ್ಲದೆ ಮನೆಗೆ ಬಂದೆ. ಅಚ್ಚುಕೂಟ ಮುಚ್ಚಿದಾಗ ನೀನು ಹೊತ್ತು ತಂದ ಹಸ್ತಪ್ರತಿಗಳ ಕಟ್ಟು ಬಿಚ್ಚಿದೆ. ಲೇಖಕರು ನೀಲಿ ಶಾಯಿಯಲ್ಲಿ ದುಂಡಗೆ ಮಾರ್ಚ್ ಎಂದೇ ಬರೆದಿದ್ದಾರೆ. ನೀನು ಮಾರ್ಚ್ ಎಂದೇ ಓದಿರುತ್ತೀಯ, ಕರಡಿನಲ್ಲಿ ಮೇ ಎಂದಿದ್ದುದನ್ನು ನಾನು ತಿದ್ದಲಿಲ್ಲ. ಕರಡಿನ ಅಡಿಯಲ್ಲಿ ಪತ್ರಿಕೆ ಬಚ್ಚಿಟ್ಟುಕೊಂಡು, ಯಾವುದೋ ಸಂಪಾದಕೀಯಕ್ಕೆ ಮನಸ್ಸಿನಲ್ಲೇ ಉತ್ತರ ಬರೆಯುತ್ತಾ ಕೂತಿದ್ದವನು ನಾನು. ಜಗತ್ತಿನ ತಪ್ಪನ್ನೆಲ್ಲ ಹುಡುಕುವವನು ಕೈಕೆಳಗಿನ ಒಂದು ತಿಂಗಳನ್ನು ಬಿಟ್ಟುಬಿಟ್ಟೆ.

ಈಗ ಮಾರ್ಚ್ ನಡುವಿನಲ್ಲಿದ್ದೇವೆ. ವೀಸಾ ಕೈಗೆ ಬರುವುದು ಏಪ್ರಿಲ್ ಕೊನೆಗೆ. "ಹಾಗಾದ್ರೆ ಬರೋ ಮಾರ್ಚ್‌ಗೆ ಹೋಗೋಣ, ತಪ್ಪಿಟ್ಟುಕೊಂಡು ಅಚ್ಚಿಗೆ ಕಳಿಸಬಾರದು" ಎನ್ನುತ್ತೀಯ. ಅದಕ್ಕೇ ಎರಡನೆಯ ಮಾತನ್ನೂ ಹೇಳಬೇಕಾಗಿದೆ. ಹೋದ ತಿಂಗಳು ಕಣ್ಣಿನ ಡಾಕ್ಟರು ನಿನ್ನನ್ನು ಹೊರಗೆ ಕೂರಿಸಿ ನನಗೆ ಹೇಳಿದರು: "ನಡುವಿನ ನೋಟ ಹೋಗಿದೆ, ಅಂಚಿನದೂ ಹೋಗ್ತಿದೆ. ಜೂನ್ ದಾಟಿದ ಮೇಲೆ ಬೆಳಕು ಕತ್ತಲೆ ಗೊತ್ತಾದ್ರೆ ಅದೇ ಹೆಚ್ಚು." ಬರುವ ಮಾರ್ಚ್ ಎಂಬುದು ಬೆಟ್ಟಕ್ಕೆ ಇದೆ ಅಕ್ಕಾ, ನಮಗಿಲ್ಲ. ನಿನ್ನ ಕಣ್ಣು ನಿನ್ನದು, ಆ ಮಾತು ಮೊದಲು ಕೇಳಬೇಕಾದವಳು ನೀನು. ಒಂದು ತಿಂಗಳು ಮುಚ್ಚಿಟ್ಟೆ, ಅದೂ ನನ್ನದೇ ತಪ್ಪು.

ಇನ್ನೊಂದು ದಾರಿಯೂ ಹೊಳೆದಿತ್ತು. ಬಾಯಿ ಮುಚ್ಚಿಕೊಂಡು ಮೇನಲ್ಲೇ ಕರೆದೊಯ್ದು, ಬೋಳು ಬೆಟ್ಟದ ಮುಂದೆ ನಿಲ್ಲಿಸಿ, ಹೂವಿದೆ, ಇಂಥ ಬಣ್ಣ ಎಂದು ಹೇಳಿಬಿಡುವುದು. ನೀನು ನಂಬುತ್ತಿದ್ದೆ. ನಿನ್ನ ಕಣ್ಣು ನೇರ ನನ್ನ ದನಿಗೆ ಬಂದು ನಿಲ್ಲುತ್ತಿತ್ತು. ಅದಕ್ಕೇ ಆ ದಾರಿ ಬಿಟ್ಟೆ. ಪ್ರತಿಯಲ್ಲಿ ಇಲ್ಲದ್ದನ್ನು ಓದಬಾರದು ಎಂದು ನನಗೆ ಕಲಿಸಿದವಳು ನೀನು.

ಆದ್ದರಿಂದ ಕೇಳಿಕೊಳ್ಳುತ್ತಿದ್ದೇನೆ, ಕಾಲು ಹಿಡಿದು ಕೇಳಿಕೊಳ್ಳುತ್ತಿದ್ದೇನೆ. ತಕ್ಕ ಕಾಲ ತಪ್ಪಿಹೋಗಿದೆ, ತಪ್ಪಿದ ಕಾಲದಲ್ಲೇ ಹೋಗೋಣ. ಹೂ ಉದುರಿದ ಮೇಲೆ ಎಲೆಯಾದರೂ ಬಂದಿರುತ್ತದೆ, ಹಸಿರು ನಿನ್ನ ಕಣ್ಣಂಚಿಗೆ ಇನ್ನೂ ಸಿಗುತ್ತದೆ. ಸಿಗದಿದ್ದರೆ ನಾನು ಓದುತ್ತೇನೆ. ಬೋಳಿದ್ದರೆ ಬೋಳು ಎಂದೇ ಓದುತ್ತೇನೆ. ಹೂವಿನ ಬಣ್ಣ ಯಾವುದಿತ್ತೆಂದು ಅಲ್ಲಿಯವರನ್ನೇ ಕೇಳೋಣ, ಇಪ್ಪತ್ತಾರು ವರ್ಷದಿಂದ ಆ ಸಾಲು ಖಾಲಿ ಬಿದ್ದಿದೆ.

ಒಪ್ಪಿಗೆಯಿದ್ದರೆ ಕೊನೆಯ ಪುಟದ ಕೆಳಗೆ, ಅಚ್ಚುಕೂಟದಲ್ಲಿ ಮಾಡುತ್ತಿದ್ದ ಹಾಗೆ, ಕೆಂಪು ಪೆನ್ನಿನಲ್ಲಿ 'ಅಚ್ಚಿಗೆ ಹೋಗಲಿ' ಎಂದು ಬರೆದು ಒಂದು ಗೀಟು ಎಳೆ. ಪೆನ್ನು ಡಬ್ಬಿಯ ಬಲಕ್ಕಿದೆ. ಗೀಟು ಓರೆಯಾದರೂ ನಡೆಯುತ್ತದೆ.

ನಿನಗೆ ಕಣ್ಣಿರುವವರೆಗೆ ಬೆಳಕಿರಲಿ, ಆಮೇಲೆ ನನಗೆ ದನಿಯಿರಲಿ.

ನಿನ್ನ ತಮ್ಮ,
ತಕರಾರಪ್ಪ