ಇಪ್ಪತ್ತೊಂದು ಬಿಲ್ಲೆಗಳ ಎಸ್ಪೆರಾಂಟೋ ಪಾಠ

ಮಾರಿಕುಪ್ಪಂ,
ಭಾನುವಾರ, ೧೪ ಸೆಪ್ಟೆಂಬರ್ ೧೯೫೮

ಪ್ರೀತಿಯ ಅಮ್ಮನ ಪಾದಗಳಿಗೆ, ಅವಳ ಒಬ್ಬನೇ ಮಗನೂ ಆ ಕಾರಣದಿಂದಲೇ ಅತ್ಯುತ್ತಮ ಮಗನೂ ಆದ ಕೋದಂಡಪ್ಪ ಅಡ್ಡಬಿದ್ದು ಮಾಡುವ ಅರಿಕೆ.

ನಿನ್ನ ಮಂಡಿನೋವು ಹೇಗಿದೆ? ಬೇತಮಂಗಲಕ್ಕೆ ಕನಕಕ್ಕನ ಬಾಣಂತನ ಮಾಡೋಕೆ ಹೋದವಳು ನೀನೇ ನೀರು ಹೊತ್ತು ಹೊತ್ತು ಮಲಗಿಬಿಡಬೇಡ. ಕೂಸು ಯಾರ ಹಾಗಿದೆ? ಸೋದರಮಾವನಾದ ನನ್ನ ಹಾಗಿದ್ದರೆ ದೃಷ್ಟಿ ತೆಗೆ; ಭಾವನ ಹಾಗಿದ್ದರೆ ದೇವರಿದ್ದಾನೆ. ಈ ಕಾಗದ ಓದಿ ಹೇಳುತ್ತಿರುವ ಕನಕಕ್ಕ ಈ ಸಾಲನ್ನು ನುಂಗತಕ್ಕದ್ದಲ್ಲ. ಇಲ್ಲಿ ಅಪ್ಪನೂ ನಾನೂ ಕ್ಷೇಮ. ಮುದ್ದೆ ನಾನು ತಿರುವುತ್ತೇನೆ, ಅಪ್ಪ ತಿನ್ನುತ್ತಾರೆ, ಆ ವಿಷಯ ಇಬ್ಬರೂ ಮಾತಾಡುವುದಿಲ್ಲ.

ಈಗ ಲೋಕವಾರ್ತೆ. ನಿನ್ನ ಮಗ ಚಿನ್ನದ ಗಣಿಯ ಟೈಮಾಫೀಸಿನಲ್ಲಿ ಕೂತು, ಕೆಳಗಿಳಿಯುವವರಿಗೆ ನಂಬರಿನ ಹಿತ್ತಾಳೆ ಬಿಲ್ಲೆ ಕೊಟ್ಟು, ಮೇಲೆ ಬಂದಾಗ ವಾಪಸು ಇಸಕೊಳ್ಳುವ ಗುಮಾಸ್ತ ಎಂಬುದು ನಿನಗೆ ಗೊತ್ತು. ಎಸ್ಪೆರಾಂಟೋ ಮೇಷ್ಟ್ರೂ ಹೌದು ಎಂಬುದು ಗೊತ್ತಿಲ್ಲ. ಬೆಚ್ಚಬೇಡ, ಅದು ರೋಗವಲ್ಲ, ಭಾಷೆ. ಯಾವ ದೇಶದ್ದೂ ಅಲ್ಲ. ಎಲ್ಲ ದೇಶದವರೂ ಕಲಿಯಲಿ ಅಂತ ಪುಣ್ಯಾತ್ಮರೊಬ್ಬರು ಕೂತು ಕಟ್ಟಿದ್ದು. ಬಂಗಾರಪೇಟೆ ಸ್ಟೇಷನ್ನಿನ ಹತ್ತಿರ ಹಳೇ ಪುಸ್ತಕ ಮಾರುವವನಲ್ಲಿ ಅದರ ಪುಸ್ತಕ ಸಿಕ್ಕಿತು. ನಮ್ಮ ಹೆಡ್ ಕ್ಲಾರ್ಕ್ ಕುಪ್ಪುಸ್ವಾಮಿಯವರಿಗೆ ತಿಳಿಯದ ಭಾಷೆಯಲ್ಲಿ ನಮಸ್ಕಾರ ಹೇಳಿ ಗೋಳುಹೊಯ್ದುಕೊಳ್ಳುವುದಷ್ಟೇ ಆಗ ನನ್ನ ಘನ ಉದ್ದೇಶ. ಬಿಲ್ಲೆಗೆ ನಿಂತಿದ್ದ ಗಣಿಯಾಳು ಆರುಮುಗಂ ಅದನ್ನು ಕೇಳಿಸಿಕೊಂಡು ನನಗೂ ಹೇಳಿಕೊಡು ಅಂದ. ಅವನ ಹಿಂದೆ ಇಪ್ಪತ್ತು ಜನ ಬಂದರು. ಪಾಳಿ ಮುಗಿಸಿ, ಮೈ ತೊಳೆದು, ಗಣಿಯ ರೀಡಿಂಗ್ ರೂಮಿನಲ್ಲಿ ಸ್ಲೇಟು ಹಿಡಿದು ಕೂರುತ್ತಾರೆ. ತಮಿಳರು, ತೆಲುಗರು, ನಮ್ಮವರು, ಎಲ್ಲರೂ ಸರಿಸಮವಾಗಿ ದಡ್ಡರು. ಅದೇ ಅವರಿಗೆ ಖುಷಿ. ಈ ಭಾಷೆ ನಿನಗ್ಯಾಕಯ್ಯಾ ಅಂತ ಒಂದು ದಿನ ಕೇಳಿದ್ದಕ್ಕೆ ಆರುಮುಗಂ, "ಇಂಗ್ಲೀಸ್ನಾಗೆ ದಿನಾ ಬೈಸ್ಕೋತೀನಿ ತಂಬಿ. ಇದ್ರಾಗೆ ಇನ್ನೂ ಯಾರೂ ಬೈದಿಲ್ಲ" ಅಂದ. ಅವತ್ತಿನಿಂದ ಪಾಠದಲ್ಲಿ ನಾನು ತಮಾಷೆ ಮಾಡಿಲ್ಲ. ನಂಬು.

ಈ ಭಾಷೆ ಕಲಿಸುವ ಮೇಷ್ಟ್ರುಗಳದೇ ಒಂದು ಅಂತರರಾಷ್ಟ್ರೀಯ ಸಂಘವಿದೆ. ಸದಸ್ಯನಾಗಲು ಅರ್ಜಿ ಹಾಕಿದೆ. ಶಿಷ್ಯರ ಪಟ್ಟಿಯನ್ನೂ ಸೇರಿಸಬೇಕಿತ್ತು. ನಮ್ಮಲ್ಲಿ ನಾಲ್ವರು ಆರುಮುಗಂ, ಮೂವರು ಪೆರುಮಾಳ್. ಹೆಸರು ಬರೆದರೆ ಯಾರು ಯಾರೆಂದು ಬ್ರಹ್ಮನಿಗೂ ತಿಳಿಯದು. ಆಫೀಸಿನ ರೂಢಿಯಂತೆ ಇಪ್ಪತ್ತೊಂದು ಬಿಲ್ಲೆ ನಂಬರು ಬರೆದೆ. ಕಸುಬು ಎಂಬಲ್ಲಿ, ಭೂಮಿಯೊಳಗೆ ಬಂಡೆ ಒಡೆಯುತ್ತಾರೆ, ಮೇಲೆ ಬಂದಾಗ ಕಾವಲಿನವರು ಮೈಯೆಲ್ಲ ತಡಕಿ ನೋಡಿ ಹೊರಗೆ ಬಿಡುತ್ತಾರೆ ಅಂತ ತುಂಬಿದೆ. ಒಂದಕ್ಷರ ಸುಳ್ಳಿಲ್ಲ. ಆದರೆ ಸಂಘದಲ್ಲಿ ಆ ಅರ್ಜಿ ಓದಿದ ಹಾಲೆಂಡಿನ ಮೇಷ್ಟ್ರಮ್ಮ ಇದನ್ನು ಜೈಲು ಅಂದುಕೊಂಡರು. 'ಜೈಲಿನ ಮುಖ್ಯಾಧಿಕಾರಿಗಳಿಗೆ, ಟೈಮಾಫೀಸು, ಮಾರಿಕುಪ್ಪಂ' ಅಂತ ವಿಳಾಸ ಬರೆದು, ಈ ಇಪ್ಪತ್ತೊಂದು ಕೈದಿಗಳಿಗೆ ಓದಲು ಒಂದು ದೀಪ ಕೊಡಿ, ಆದಷ್ಟು ಬೇಗ ಬಿಡುಗಡೆ ಮಾಡಿ ಅಂತ ಇಂಗ್ಲಿಷಿನಲ್ಲಿ ಬೇಡಿಕೊಂಡರು. ಮುಖ್ಯಾಧಿಕಾರಿ ತಾನೇ ಅಂತ ಕುಪ್ಪುಸ್ವಾಮಿಯವರು ಒಡೆದು ಓದಿದರು.

ಅಮ್ಮಾ, ಆಮೇಲಿನ ಪ್ರಳಯವನ್ನು ವರ್ಣಿಸಲು ಎಸ್ಪೆರಾಂಟೋದಲ್ಲೂ ಶಬ್ದವಿಲ್ಲ. ಮಾರನೆಯ ದಿನ ರೀಡಿಂಗ್ ರೂಮಿಗೆ ಬೀಗ. ನನ್ನ ಮುಂದೆ ಟೈಪು ಮಾಡಿದ ಒಂದು ಕಾಗದ. ಪಾಠವೂ ಇಲ್ಲ, ಶಿಷ್ಯರೂ ಇಲ್ಲ, ಎಲ್ಲ ನಾನು ತಮಾಷೆಗೆ ಕಟ್ಟಿದ ಕಥೆ ಅಂತ ಸಂಘಕ್ಕೆ ಬರೆದಿತ್ತು. ಸಹಿ ಹಾಕಿದರೆ ಕೆಲಸ ಉಳಿಯುತ್ತದೆ. ಯೋಚಿಸಲು ಶನಿವಾರದ ತನಕ ಗಡುವು. ಕುಪ್ಪುಸ್ವಾಮಿಯವರು ಕೋಪದಲ್ಲೂ ಜಾಣರು. ನನ್ನ ಹೆಸರಿಗೆ ತಮಾಷೆ ಅಂದರೆ ಈ ಊರಲ್ಲಿ ಯಾರು ತಾನೆ ನಂಬುವುದಿಲ್ಲ? ನಾನು ಇದುವರೆಗೆ ಹೇಳಿದ ಸುಳ್ಳಿಗೆಲ್ಲ ಊರು ನಕ್ಕಿದೆ. ಇದೊಂದು ನಿಜ, ಇದನ್ನೇ ಸುಳ್ಳು ಅನ್ನು ಅಂತಾರೆ. ಬೀಗದ ಮುಂದೆ ನಿಂತು ಶಿಷ್ಯರಿಗೆ ಎಲ್ಲ ಹೇಳಿದೆ. ಬೇಕಾದರೆ ಸಹಿ ಹಾಕು, ನಿನ್ನ ಹೊಟ್ಟೆಪಾಡು ಅಂತ ಕೆಲವರು ಅಂದರು. ಕ್ಯಾಸಂಬಳ್ಳಿಯ ವೆಂಕಟೇಶಪ್ಪ ಮಾತ್ರ ಬೀಡಿ ಆರಿಸಿ, "ಇವ್ರನ್ನ ಬುಟ್ಬುಡಿ ಅಂತ ಇದುವರ್ಗೂ ಯಾವನ್ಲಾ ಕೇಳವ್ನೆ? ಆವಮ್ಮ ಕೇಳವ್ಳೆ. ಅವಳ್ಗೆ ನಾವು ಇಲ್ವೇ ಇಲ್ಲ ಅಂತ ಎಂಗ್ಲಾ ಬರೀತೀಯ?" ಅಂದ.

ನೆನ್ನೆ ಶನಿವಾರ ಹೋಗಿ ಕುಪ್ಪುಸ್ವಾಮಿಯವರಿಗೆ ಹೇಳಿದೆ. ಇದು ಜೈಲಲ್ಲ ಅಂತ ಬರೆಯುತ್ತೇನೆ, ತಪ್ಪು ನನ್ನದು ಅಂತಲೂ ಬರೆಯುತ್ತೇನೆ, ಪಾಠ ಇಲ್ಲ ಅಂತ ಮಾತ್ರ ಬರೆಯುವುದಿಲ್ಲ. ಅದರಂತೆ ಹಾಲೆಂಡಿಗೆ ಕಾಗದ ಹೋಗಿದೆ. ಕೆಳಗೆ ಇಪ್ಪತ್ತೊಂದು ಜನ ತಂತಮ್ಮ ಹೆಸರನ್ನು ಅಪ್ಪನ ಹೆಸರು, ಊರಿನ ಹೆಸರು ಸಮೇತ ಕೈಯಾರೆ ಬರೆದಿದ್ದಾರೆ. ಮೊದಲ ಶಿಷ್ಯ ಆರುಮುಗಂ ತನ್ನ ಹೆಸರು ಬರೆಯುವಾಗ ಎರಡು ಸಲ ನಿಬ್ಬು ಮುರಿದ.

ಕೂಸಿಗೆ ಮುತ್ತು, ಕನಕಕ್ಕನಿಗೆ ಪ್ರೀತಿ, ಭಾವನಿಗೆ ಮೇಲಿನ ಸಾಲಿನ ಬಗ್ಗೆ ಕ್ಷಮಾಪಣೆ (ಅರ್ಧ ಮಾತ್ರ). ನಿನ್ನ ಆಶೀರ್ವಾದ ಸದಾ ಬೇಡುವ,

ನಿನ್ನ ಮಗ,
ಕೋದಂಡಪ್ಪ

ಮರೆತಿದ್ದೆ: ನಾಳೆಯಿಂದ ನನಗೆ ಕೆಲಸವಿಲ್ಲ. ಬೇರೆಯವರ ಬಾಯಿಂದ ಕೇಳಬೇಡ ಅಂತ ಬರೆಯುತ್ತಿದ್ದೇನೆ. ಅಪ್ಪನಿಗೆ ನೆನ್ನೆಯೇ ಹೇಳಿದೆ. ಗಣಿಯಲ್ಲಿ ದುಡಿದ ಮೂವತ್ತು ವರ್ಷದಲ್ಲಿ ಒಬ್ಬ ಮೇಸ್ತ್ರಿಗೂ ಎದುರು ಹೇಳದವರು, ಬೈಯುತ್ತಾರೆ ಅಂತ ಕಾದೆ. ಊಟ ನಿಲ್ಲಿಸಿ, ಪಾಠ ಇನ್ನೆಲ್ಲಿ ಅಂದರು. ನಮ್ಮ ಜಗಲಿಯಲ್ಲಿ ಆಗಬಹುದು, ಆದರೆ ಇದು ಗಣಿಯವರು ಕೊಟ್ಟ ಲೈನ್ ಮನೆ, ಬಿಡಿಸಿದರೂ ಬಿಡಿಸಿಯಾರು ಅಂದೆ. "ಮನೆ ಅವ್ರದು. ಜಗ್ಲಿ ನಾನು ಕಟ್ಟಿದ್ದು" ಅಂದು, ಕೈ ತೊಳೆದು, ಜಗಲಿಯಲ್ಲಿದ್ದ ನಿನ್ನ ಮೇಕೆಯನ್ನು ಬಿಚ್ಚಿ ಹಿತ್ತಲಿಗೆ ಕಟ್ಟಿದರು. ಆರುಮುಗಂ ಸ್ಲೇಟು ಹಿಡಿದು ಬಂದು ಅಲ್ಲಿ ಕೂತಾಯಿತು, ಹೋಗುತ್ತೇನೆ.