ಪುಸ್ತಕ ಎದ್ದ ಜಾಗದ ರಟ್ಟು

ಮೇಲಿನ ಬೀದಿ,
ಗುರುವಾರ, ಹನ್ನೆರಡನೇ ತಾರೀಖು

ಪ್ರೀತಿಯ ಅಣ್ಣಾ,

ನಿನ್ನ ತಂಗಿಯ ನಮಸ್ಕಾರಗಳು. ಆಪರೇಷನ್ ಆದ ಕಣ್ಣು ಹೇಗಿದೆ? ಔಷಧಿಯ ಹನಿಯನ್ನು ಅತ್ತಿಗೆಯ ಕೈಯಲ್ಲೇ ಹಾಕಿಸಿಕೋ. ನೀನೇ ಹಾಕಿಕೊಂಡರೆ ಅರ್ಧ ಕೆನ್ನೆಗೆ ಹೋಗುತ್ತದೆಂದು ನನಗೆ ಗೊತ್ತು. ಈ ಕಾಗದವನ್ನೂ ಅವರೇ ಓದಿ ಹೇಳಲಿ, ನೀನು ಕಣ್ಣಿಗೆ ಶ್ರಮ ಕೊಡಬೇಡ. ದೇವರ ದಯದಿಂದ ನಾವು ಚೆನ್ನಾಗಿದ್ದೇವೆ. ನನ್ನ ಮೊಣಕಾಲು ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ಮೊಮ್ಮಗಳಿಗೆ ಏಳು ತುಂಬಿತು. ಮುಂದಿನ ಎರಡು ಹಲ್ಲು ಬಿದ್ದಿದ್ದರೂ ಬಾಯಿಗೆ ಬಿಡುವಿಲ್ಲ. "ಅಜ್ಜನ ಕಣ್ಣೊಳಗೆ ಹೊಸ ಗಾಜು ಹಾಕಿದಾರಂತೆ, ಕ್ವಾರಿ ಕಲ್ಲು ಹಾರಿ ಬಂದ್ರೆ ಒಡೆಯುತ್ತಾ?" ಎಂದು ಕೇಳುತ್ತಾಳೆ. ಈ ಕಾಗದವನ್ನು ಅಂಚೆಗೆ ಹಾಕಲು ನನಗೆ ಧೈರ್ಯವಾಗಲಿಲ್ಲ, ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದೇನೆ. ಯಾಕೆಂದು ಓದುತ್ತಾ ಗೊತ್ತಾಗುತ್ತದೆ.

ಮೊನ್ನೆ ಮಂಗಳವಾರ ಪುರಸಭೆಯಲ್ಲಿ ಎರಡು ತೀರ್ಮಾನ ಆದವು. ಸಭೆಯವರಿಗೆ ನೀರು ಕೊಡಲು ನಾನು ಹಿಂದುಗಡೆ ಲೋಟಗಳ ಹತ್ತಿರವೇ ನಿಂತಿದ್ದೆ. ನೀನು ಮೂವತ್ತು ವರ್ಷ ಕಾದ ರೆಕಾರ್ಡ್ ರೂಮನ್ನು ಮುಚ್ಚುತ್ತಾರಂತೆ. ಹಳೆಯ ಪುಸ್ತಕಗಳೆಲ್ಲ ದೂರದ ಯಾವುದೋ ಗೋದಾಮಿಗೆ ಹೋಗುತ್ತವೆ, ಬೇಕಾದವರು ಅರ್ಜಿ ಹಾಕಿದರೆ ಎರಡು ತಿಂಗಳಿಗೆ ನಕಲು ಬರುತ್ತದೆ. ಅದಕ್ಕೆ ಕೈ ಎತ್ತಿದವರು ಕೈ ಇಳಿಸುವ ಮೊದಲೇ ಇನ್ನೊಂದು: ಮುಂದಿನ ತಿಂಗಳಿಂದ ಶಾಲೆಯ ವ್ಯಾನು ನಮ್ಮ ಮೇಲಿನ ಬೀದಿಗೆ ಬರುವುದಿಲ್ಲ. ಎರಡು ಕಿಲೋಮೀಟರಿನ ಒಳಗಿನ ಮಕ್ಕಳು ನಡೆದೇ ಬರಬೇಕು, ನಮ್ಮದು ಒಂದೂಮುಕ್ಕಾಲು ಅಂತೆ. ಹೇಗೆ ಅಳೆದರು ಗೊತ್ತೇ? ಕ್ವಾರಿಯ ಲಾರಿಗಳು ಓಡಾಡುವ ದಾರಿಯಲ್ಲಿ! ವ್ಯಾನಿನ ಡ್ರೈವರ್ ನನ್ನ ಹತ್ತಿರ ಬಂದು, "ಅಕ್ಕಾ, ಆ ದಾರೀಲಿ ನಾನೇ ಜೀವ ಕೈಯಲ್ಲಿ ಹಿಡ್ಕೊಂಡು ಓಡಿಸ್ತೀನಿ. ಇವರು ಮಕ್ಕಳನ್ನ ನಡೆಸ್ತಾರಂತಲ್ಲ, ಒಂದು ದಿನ ತಾವು ನಡೆದು ತೋರಿಸ್ಲಿ" ಎಂದ. ಮಗಳು ಬೆಳಿಗ್ಗೆ ಆರಕ್ಕೇ ಕೆಲಸಕ್ಕೆ ಹೊರಡುತ್ತಾಳೆ, ನಾನು ಏಳಕ್ಕೆ ಪುರಸಭೆ ಕಚೇರಿ ಗುಡಿಸಲು. ಮಗುವಿನ ಕೈ ಹಿಡಿದು ಆ ದಾರಿ ದಾಟಿಸುವವರು ಯಾರು, ನೀನೇ ಹೇಳು.

ಎರಡು ಬೇರೆ ಬೇರೆ ವಿಷಯ ಎಂದು ಎಲ್ಲರೂ ಅಂದುಕೊಂಡಿದ್ದಾರೆ. ನನಗೆ ಹಾಗನ್ನಿಸುತ್ತಿಲ್ಲ. ಕ್ವಾರಿಗೆ ಆ ದಾರಿ ಬಿಟ್ಟುಕೊಟ್ಟವರು ನಮ್ಮ ಅಪ್ಪ ಮತ್ತು ಬೀದಿಯವರು. ಲಾರಿ ಓಡುವವರೆಗೂ ನಮ್ಮ ಮಕ್ಕಳಿಗೆ ಪುರಸಭೆ ಗಾಡಿ ಕೊಡಬೇಕು ಎಂದು ಆವತ್ತೇ ಠರಾವು ಆಗಿತ್ತು. ನಡಾವಳಿ ಪುಸ್ತಕದಲ್ಲಿ ಅದು ಇದೆಯೆಂದು ನೀನೇ ಎಷ್ಟು ಸಲ ಹೇಳಿದ್ದೀಯ. ಈಗ ನೋಡು, ಪುಸ್ತಕಗಳ ಪೆಟ್ಟಿಗೆ ಹೊರಡುವುದು ಸೋಮವಾರ, ವ್ಯಾನಿನ ಬಗ್ಗೆ ತಕರಾರು ಕೇಳುವುದು ಮಂಗಳವಾರ. ಆವತ್ತು ಸಭೆಯಲ್ಲೇ ನನಗೆ ತಡೆಯಲಾಗಲಿಲ್ಲ. ಲೋಟ ಕೆಳಗಿಟ್ಟು, "ಠರಾವೇ ಇದೆಯಲ್ಲ ಸ್ವಾಮಿ" ಅಂದೆ. ಅಧ್ಯಕ್ಷರು ಸಿಟ್ಟಾಗಲಿಲ್ಲ. ನಕ್ಕರು! "ಇದ್ರೆ ತೋರಿಸಮ್ಮ. ನೀನು ಕಾಗದ ತಂದ ದಿನವೇ ವ್ಯಾನು" ಅಂದರು. ಸಿಗುವುದಿಲ್ಲ ಎಂದು ಗೊತ್ತಿರುವವರು ಮಾತ್ರ ಹಾಗೆ ನಗುತ್ತಾರೆ. ಆಮೇಲೆ ಬಾಗಿಲ ಹತ್ತಿರ ನಿಲ್ಲಿಸಿ, "ನಿಮ್ಮಣ್ಣನ ಕಣ್ಣು ಹೇಗಿದೆ? ಅವರಂಥ ನಂಬಿಕಸ್ಥರು ಇನ್ನೆಲ್ಲಿ ಸಿಗ್ತಾರೆ" ಎಂದು ವಿಚಾರಿಸಿದರು. ಹದಿನೆಂಟು ವರ್ಷ ಅವರ ಕಾಲ ಕೆಳಗಿನ ಕಸ ಗುಡಿಸಿದ್ದೇನೆ, ಒಂದು ದಿನವೂ ನನ್ನ ಊಟ ಆಯಿತೇ ಎಂದು ಕೇಳಿದವರಲ್ಲ. ಹೋದ ವರ್ಷ ನೀನು ಕೆಲಸ ಬಿಟ್ಟ ಮೇಲೆ ನೀವು ಮನೆ ಬಿಟ್ಟು ಹೊರಟಾಗ ಸಾಮಾನು ಸಾಗಿಸಲು ಕ್ವಾರಿಯ ಲಾರಿಯನ್ನು ತಾವಾಗಿ ಕಳಿಸಿದ್ದರಲ್ಲ, ಆವತ್ತು ನಾನು ಅವರಿಗಾಗಿ ದೇವರಲ್ಲಿ ಬೇಡಿಕೊಂಡಿದ್ದೆ. ಕ್ವಾರಿ ಅವರ ಭಾವಮೈದುನನದು ಎಂಬುದು ಆಗ ತಲೆಗೆ ಹೊಳೆಯಲಿಲ್ಲ.

ನಿನ್ನೆ ಹೊಸ ಗುಮಾಸ್ತರ ಜೊತೆ ರೆಕಾರ್ಡ್ ರೂಮಿಗೆ ಹೋದೆ. ಧೂಳು ಒರೆಸುವ ನೆವ ನನ್ನದು. ಕಪಾಟುಗಳ ಮೇಲೆ ನಿನ್ನ ಕೈಬರಹದ ಚೀಟಿಗಳು ಹಾಗೇ ಇವೆ, ಅಂಟು ಕೂಡ ಬಿಟ್ಟಿಲ್ಲ. ನಿನ್ನ ಕಾನೂನೂ ನೆನಪಾಯಿತು: ಪುಸ್ತಕ ಎದ್ದ ಜಾಗ ಖಾಲಿ ಇರಬಾರದು, ತೆಗೆದವರು ಒಂದು ರಟ್ಟಿನ ಮೇಲೆ ಹೆಸರು, ತಾರೀಖು, ಸಹಿ ಹಾಕಿ ಅಲ್ಲೇ ನಿಲ್ಲಿಸಬೇಕು. "ದೇವರೇ ಬಂದು ಪುಸ್ತಕ ಕೇಳಿದ್ರೂ ರಟ್ಟು ಇಟ್ಟೇ ಹೋಗ್ಬೇಕು" ಎಂದು ನೀನು ಅಂದಿದ್ದಕ್ಕೆ, ದೇವರನ್ನು ಕಚೇರಿಗೆ ಎಳೆಯಬೇಡ ಎಂದು ಬೈದಿದ್ದೆ. ನಮ್ಮ ಠರಾವು ಇರುವ ವರ್ಷದ ಪುಸ್ತಕ ಅಲ್ಲಿಲ್ಲ ಅಣ್ಣಾ. ಗುಮಾಸ್ತರು "ಇಲಿ ತಿಂದಿರ್ಬೇಕು ಬಿಡಮ್ಮ" ಅಂದರು. ಅಷ್ಟು ಪುಸ್ತಕಗಳ ನಡುವೆ ಅದೊಂದನ್ನೇ ಆರಿಸಿ ತಿನ್ನಲು ಇಲಿಗೆ ಓದು ಬರುತ್ತದೆಯೇ?

ಭಗವಂತ ನಿನ್ನ ಕಣ್ಣಿಗೆ ಬೆಳಕು ಕೊಡಲಿ. ಅತ್ತಿಗೆಗೆ ನನ್ನ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ.

ಇಂತಿ,
ನಿನ್ನ ತಂಗಿ

ವಿ.ಸೂ.: ಅತ್ತಿಗೇ, ತಪ್ಪು ತಿಳಿಯಬೇಡಿ, ಇಲ್ಲಿಂದ ಮುಂದೆ ಅಣ್ಣನೇ ಓದಲಿ. ಅವನಿಗೆ ಕಾಣಲೆಂದೇ ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ.

ಅಣ್ಣಾ, ಆ ಜಾಗ ಖಾಲಿ ಇರಲಿಲ್ಲ. ರಟ್ಟು ನಿಂತಿತ್ತು. ನಿನ್ನ ಹೆಸರು, ನಿನ್ನ ಸಹಿ, ನೀನು ಕೆಲಸ ಬಿಡುವ ಹಿಂದಿನ ದಿನದ ತಾರೀಖು. ಗುಮಾಸ್ತರು ಕಿಟಕಿ ತೆರೆಯಲು ತಿರುಗಿದಾಗ, ಅವರ ಕಣ್ಣಿಗೆ ಬೀಳುವ ಮೊದಲೇ ಅದನ್ನು ಒರೆಸುವ ಬಟ್ಟೆಯಲ್ಲಿ ಸುತ್ತಿಕೊಂಡೆ. ಆ ಕಚೇರಿಯಿಂದ ಒಂದು ಗುಂಡುಸೂಜಿಯನ್ನೂ ತಂದವಳಲ್ಲ ನಾನು. ಈಗ ಅದು ನನ್ನ ಪ್ರಾರ್ಥನೆಯ ಪುಸ್ತಕದೊಳಗಿದೆ. ಯಾವ ಪುಟ ತೆರೆದರೂ ನಿನ್ನ ಸಹಿಯೇ ಕಾಣುತ್ತದೆ. ಯಾರು ಕೇಳಿದರು, ಯಾಕೆ ತೆಗೆದೆ ಎಂದು ನಾನು ಕೇಳುವುದಿಲ್ಲ. ಆದರೆ ಕದಿಯುವವರು ರಟ್ಟು ಇಟ್ಟು ಹೋಗುವುದಿಲ್ಲ, ನೀನು ಇಟ್ಟಿದ್ದೀಯ. ಪುಸ್ತಕವನ್ನು ನೀನು ಅಧ್ಯಕ್ಷರ ಕೈಗೆ ಕೊಟ್ಟಿಲ್ಲ ಎಂದು ನಂಬಿಕೊಂಡಿದ್ದೇನೆ. ಅದನ್ನು ತಂದರೆ ರಟ್ಟನ್ನು ಒಲೆಗೆ ಹಾಕುತ್ತೇನೆ, ಆ ಪಾಪ ನನಗಿರಲಿ. ತರದಿದ್ದರೆ ರಟ್ಟನ್ನೇ ಸಭೆಯ ಮೇಜಿನ ಮೇಲೆ ಇಡುತ್ತೇನೆ. ಆ ದಾರಿಯಲ್ಲಿ ನಡೆಯಬೇಕಾದವಳು ಏಳು ವರ್ಷದವಳು.

ಮಂಗಳವಾರ ಸಭೆ ಹತ್ತು ಗಂಟೆಗೆ. ನಿಮ್ಮ ಕಡೆಯಿಂದ ಮೊದಲ ಬಸ್ಸು ಒಂಬತ್ತಕ್ಕೆ ಇಲ್ಲಿಗೆ ಬರುತ್ತದೆ. ನಾನು ನಿಲ್ದಾಣದಲ್ಲಿ ನಿಂತಿರುತ್ತೇನೆ, ರಟ್ಟು ನನ್ನ ಚೀಲದಲ್ಲಿರುತ್ತದೆ.