ಹುಳುಮನೆ ಪಕ್ಕದ ಕೆಂಪು ಕಾರು

ದೇವರಾಯಸಮುದ್ರ
12 ಫೆಬ್ರವರಿ 2025, ಬುಧವಾರ

ಪ್ರೀತಿಯ ತಮ್ಮ ಅನಿ,

ಹೇಗಿದ್ದೀಯೋ? ಇಲ್ಲಿ ನಾನು, ಅಪ್ಪ, ಅಮ್ಮ, ಹಸುಗಳು, ರೇಷ್ಮೆ ಹುಳುಗಳು ಎಲ್ಲರೂ ನೆಟ್ಟಗಿದ್ದೇವೆ. ಸಂಕ್ರಾಂತಿಗೇ ಬರೆಯುತ್ತೇನೆಂದು ಹೇಳಿ ಇಷ್ಟು ತಡ ಮಾಡಿದ್ದಕ್ಕೆ ಬೈದುಕೋ, ಆದರೆ ಪೂರ್ತಿ ಓದಿದ ಮೇಲೆ ಬೈದುಕೋ. ಫೋನು ನಿನ್ನ ಡ್ರಾಯರಿನಲ್ಲಿ ಬಿದ್ದಿರುತ್ತದೆ, ಚಾರ್ಜ್ ಕೂಡ ಮಾಡುವುದಿಲ್ಲ ಎಂದು ನಿಮ್ಮ ಪುನರ್ವಸತಿ ಕೇಂದ್ರದ ನರ್ಸ್ ಸುನಂದ ಅವರು ಹೇಳಿದರು. ಕಾಗದವಾದರೆ ಕೈಗೇ ತಂದುಕೊಡುತ್ತಾರಂತೆ. ಅದಕ್ಕೆ ಪೆನ್ನು ಹಿಡಿದಿದ್ದೇನೆ. ನನ್ನ ಅಕ್ಷರ ನೋಡಿ ನಗಬೇಡ, ಇಂಜಿನಿಯರಿಂಗ್ ಸೇರಿದ ಮೇಲೆ ಇನ್ನೂ ಕೆಟ್ಟಿದೆ.

ಸುತ್ತಿ ಬಳಸಿ ಹೇಳುವಷ್ಟು ತಾಳ್ಮೆ ನನಗಿಲ್ಲ. ನಿನ್ನ ಕಾರು ಓಡಿತು ಕಣೋ! ಮಾಲೂರಿನ ಹತ್ತಿರದ ಮೈದಾನದಲ್ಲಿ, ಅಷ್ಟು ಜನರ ಮುಂದೆ, ಕೆಂಪು ಧೂಳೆಬ್ಬಿಸಿಕೊಂಡು ಓಡಿತು. ಓಡಿಸಿದವಳು ನಾನೇ.

ಈಗ ಮೊದಲಿನಿಂದ ಹೇಳುತ್ತೇನೆ. ನೀನು ಹಳೇ ಬೈಕು ಕೊಟ್ಟು ಮಾಲೂರಿನ ಗುಜರಿಯಿಂದ ತಂದ ಆ ಎರಡು ಸೀಟಿನ ಕಾರು, ಕಳೆದ ಜೂನ್‌ನಲ್ಲಿ ನೀನು ತಾತನ ತೋಟದ ಮಾವಿನ ಮರದಿಂದ ಬಿದ್ದ ಮೇಲೆ, ಹುಳುಮನೆಯ ಪಕ್ಕದಲ್ಲೇ ಟಾರ್ಪಾಲಿನ ಕೆಳಗೆ ಕೂತಿತ್ತು. ಯಾರೂ ಅದರ ಕಡೆ ನೋಡುತ್ತಿರಲಿಲ್ಲ. ನಮ್ಮ ಕೋಳಿಯೊಂದು ಮಾತ್ರ ಸೀಟಿನ ಹರಿದ ಜಾಗದಲ್ಲಿ ಮೊಟ್ಟೆಯಿಟ್ಟು ಸಂಸಾರ ಹೂಡಿತ್ತು. ಡಿಸೆಂಬರಿನಲ್ಲಿ ಅಪ್ಪ ಗುಜರಿಯವನಿಗೆ ಬಂದು ತಗೊಂಡು ಹೋಗಲು ಹೇಳಿಬಿಟ್ಟರು. ಆ ವಾರ ನಿನ್ನ ಡಿಪ್ಲೊಮಾ ಕ್ಲಾಸಿನ ಕದಿರೇಶ್ ನಿನ್ನ ವಿಚಾರ ಕೇಳಲು ಮನೆಗೆ ಬಂದಿದ್ದ. ಇಬ್ಬರೂ ಟಾರ್ಪಾಲು ಎತ್ತಿದೆವು.

"ಅಕ್ಕಾ, ಒಂದ್ಸಲ ಸ್ಟಾರ್ಟ್ ಮಾಡಿ ನೋಡೋಣ. ಆಗ್ಲಿಲ್ಲ ಅಂದ್ರೆ ಕಳಿಸಿಬಿಡಿ," ಅಂದ.

ಕೋಳಿಯನ್ನು ಬುಟ್ಟಿಗೆ ಸಾಗಿಸಿ, ಟ್ರ್ಯಾಕ್ಟರಿನ ಬ್ಯಾಟರಿ ತಂದು ಜೋಡಿಸಿದೆವು. ಎರಡು ಸಲ ಕೆಮ್ಮಿತು. ಮೂರನೆಯದಕ್ಕೆ ಗುಡುಗಿತು ನೋಡು! ಸೈಲೆನ್ಸರ್ ತೂತಾಗಿತ್ತಲ್ಲ, ಆ ಸದ್ದಿಗೆ ದನ ಹಗ್ಗ ಜಗ್ಗಿದವು, ಅಪ್ಪ ಹುಳುಮನೆಯಿಂದ ಓಡಿ ಬಂದರು.

"ಏನ್ಲಾ ಇದು! ಹುಳ ಮೂರನೇ ಜ್ವರಕ್ಕೆ ಕೂತವೆ, ಪೊರೆ ಬಿಡೋ ಹೊತ್ತು, ಸದ್ದು ಮಾಡ್ಬೇಡಿ ಅಂತ ಊರಿಗೆಲ್ಲಾ ಹೇಳ್ಕೊಂಡು ಬಂದಿದೀನಿ, ನೀವು ಮನೇಲೇ ಬಾಂಬ್ ಹಾಕ್ತೀರಲ್ಲ!"

ಬೈದರೇ ಹೊರತು, ಇನ್ನೂ ಬಾರದ ಗುಜರಿಯವನಿಗೆ ಮತ್ತೆ ಫೋನ್ ಮಾಡಲಿಲ್ಲ. ನಾವು ಅದನ್ನೇ ಒಪ್ಪಿಗೆ ಅಂದುಕೊಂಡೆವು.

ಆಮೇಲೆ ನಮಗೆ ಹುಚ್ಚು ಹಿಡಿಯಿತು. ಇಬ್ಬರೂ ವಿದ್ಯಾರ್ಥಿಗಳು, ಜೇಬಿನಲ್ಲಿರುವುದು ಬಸ್ ಪಾಸು. ಇಂಟರ್‌ನೆಟ್‌ನಲ್ಲಿ ಎಲ್ಲರೂ ಹೊರದೇಶದ ಸಾಮಾನು ತರಿಸಿ ಹಾಕಿಸುತ್ತಾರೆ, ನಮಗೆ ಗುಜರಿಯೇ ಹೊರದೇಶ. ಇಂಜಿನ್ನಿಗೆ ತಣ್ಣನೆ ಗಾಳಿ ಸೇರಿಸಲು ನೀನು ಹೇಳುತ್ತಿದ್ದೆಯಲ್ಲ, ಅಮ್ಮನ ಪ್ಲಾಸ್ಟಿಕ್ ಬಿಂದಿಗೆಯ ಕತ್ತು ಕೊಯ್ದು ಅದನ್ನೇ ಮೂತಿ ಮಾಡಿದೆವು. ಅಮ್ಮನಿಗೆ ಇದು ಗೊತ್ತಾದದ್ದು ನೀರು ಹಿಡಿಯಲು ಹೋದಾಗ. ಅಪ್ಪಚ್ಚಿಯಾಗಿದ್ದ ಒಂದು ಕಾರಿನಿಂದ ಒಳ್ಳೆಯ ಶಾಕ್ ಅಬ್ಸಾರ್ಬರ್‌ಗಳು ಸಿಕ್ಕವು, ಈಗ ತಿರುವಿನಲ್ಲಿ ಕಾರು ನೆಲಕ್ಕೆ ಅಂಟಿಕೊಂಡೇ ತಿರುಗುತ್ತದೆ. ಹಿಂದಿನ ಬಂಪರಿನ ಬಿರುಕಿಗೆ ಫೈಬರ್ ಹಾಸಿ ಅಂಟು ಬಳಿಯುವಾಗ ಮಾತ್ರ ನಾವಿಬ್ಬರೂ ಸೋತೆವು, ಬರೀ ಗುಳ್ಳೆ. ಅಮ್ಮ ಬಂದು, "ಸರ್ಕೊಳ್ರೀ, ಹೋಳಿಗೆ ತಟ್ಟೋಕೂ ಬರಲ್ಲ ನಿಮಗೆ," ಎಂದು ಅಂಗೈಗೆ ಪ್ಲಾಸ್ಟಿಕ್ ಕವರ್ ಕಟ್ಟಿಕೊಂಡು ಒತ್ತಿ ಒತ್ತಿ ಕೂರಿಸಿದಳು. ಒಂದು ಗುಳ್ಳೆ ಇಲ್ಲ!

ಹೀಗೆ ಕುಣಿಯುತ್ತಿದ್ದಾಗ ಒಂದು ಸಂಜೆ ಕದಿರೇಶ್ ಸ್ಪ್ಯಾನರ್ ಕೆಳಗಿಟ್ಟು ಕೇಳಿದ: "ಅಕ್ಕಾ, ಇದನ್ನ ಯಾರು ಓಡ್ಸೋದು?"

ನಾನು ಬಗ್ಗಿ ಮೂರೂ ಪೆಡಲುಗಳನ್ನು ನೋಡಿದೆ. ಅವನೂ ನೋಡಿದ. ಮಾರನೆಯ ದಿನ ಒಂದು ಹಳೇ ಬೈಕಿನ ಕ್ಲಚ್ ಹಿಡಿ ತಂದು ಗೇರ್ ಕಡ್ಡಿಯ ಮೇಲೆ ಇಟ್ಟು ನೋಡುತ್ತಿದ್ದ. ಅಲ್ಲಿಂದ ಶುರು. ಕ್ಲಚ್ ಎಡಗೈಯಲ್ಲಿ, ಗೇರಿನ ಜೊತೆಗೇ. ಸ್ಟೀರಿಂಗ್ ಪಕ್ಕದಲ್ಲಿ ಬಲಗೈಗೆ ಒಂದು ಉದ್ದನೆಯ ಸನ್ನೆಕೋಲು, ಒಂದು ಕಡೆಗೆ ಆಡಿಸಿದರೆ ಆಕ್ಸಿಲರೇಟರ್, ಇನ್ನೊಂದು ಕಡೆಗೆ ಬ್ರೇಕು. ಕಾಲಿಗೆ ಕೆಲಸವೇ ಇಲ್ಲ, ನಿನ್ನ ಕಾಲು ಆಡದಿದ್ದರೂ ನೀನೇ ಓಡಿಸಬಹುದು. ಕಾಲೇಜಿನಲ್ಲಿ ಇದನ್ನೇ ನನ್ನ ಕೊನೇ ವರ್ಷದ ಪ್ರಾಜೆಕ್ಟ್ ಎಂದು ಬರೆಸಿಬಿಟ್ಟೆ. ಹಾಗಾಗಿ ವರ್ಕ್‌ಶಾಪ್ ಸಿಕ್ಕಿತು, ವೆಲ್ಡಿಂಗ್ ಸಿಕ್ಕಿತು.

ಪರೀಕ್ಷೆ ಮಾಡಲು ರಸ್ತೆಗಿಳಿಯುವಂತಿಲ್ಲವಲ್ಲ. ನೇರವಾದ, ಉದ್ದನೆಯ ಖಾಸಗಿ ದಾರಿ ಬೇಕು. ಅಂಥದ್ದು ಶ್ರೀನಿವಾಸಪುರದ ತಾತನ ತೋಟದಲ್ಲಿ ಬಿಟ್ಟರೆ ನಮಗೆಲ್ಲಿದೆ? ಅಪ್ಪ ಒಂದೇ ಮಾತು ಹೇಳಿದರು: "ಆ ತೋಟಕ್ಕೆ ಯಾರೂ ಹೋಗೋದು ಬೇಡ." ಜೂನ್‌ನಿಂದ ಅವರು ಆ ಕಡೆ ಕಾಲಿಟ್ಟಿಲ್ಲ. ಅಮ್ಮ ರೊಟ್ಟಿ ತಟ್ಟುತ್ತಿದ್ದವಳು ತಲೆಯೆತ್ತದೆ, "ಮರ ಏನ್ ಮಾಡ್ತು? ನಾನೂ ಬರ್ತೀನಿ, ನಡೀರಿ," ಅಂದಳು.

ಟೊಮೆಟೊ ಲಾರಿಯಲ್ಲಿ ಕಾರು ಹೋಯಿತು. ಕೋಲಾರದ ಮಂಡಿಯಲ್ಲಿ ಸರಕು ಇಳಿಸಿ ಖಾಲಿ ಬರುತ್ತಿದ್ದ ಲಾರಿ, ನಮ್ಮ ಊರಿನವರದೇ. ಹಿಂದೆ ಕಾರು, ಕಾರಿನೊಳಗೆ ಅಮ್ಮ! ಎಷ್ಟು ಹೇಳಿದರೂ ಮುಂದೆ ಕೂರಲಿಲ್ಲ, "ಅದು ಅಲ್ಲಾಡಿದ್ರೆ ಯಾರು ಹಿಡ್ಕೊಳ್ಳೋದು?" ಅಂದಳು. ತೋಟವೆಲ್ಲ ಹೂ ಬಿಟ್ಟಿತ್ತು ಅನಿ. ಎಲೆ ಕಾಣದಷ್ಟು ಹೂ, ದುಂಬಿಗಳ ಸದ್ದು. ನೀನು ಬಿದ್ದ ಮರಕ್ಕೂ ಹೂ ಬಂದಿದೆ. ನಾನು ಅದರ ಕಡೆ ನೋಡದೆ ಹೋಗಬೇಕೆಂದಿದ್ದೆ, ಆಗಲಿಲ್ಲ. ಅಮ್ಮ ಮಾತ್ರ ಹತ್ತಿರ ಹೋಗಿ ಕಾಂಡದ ಮೇಲೆ ಕೈಯಿಟ್ಟು ಒಂದು ಗಳಿಗೆ ನಿಂತು ಬಂದಳು.

ಮೊದಲ ಓಟದಲ್ಲಿ ಏನಾಯಿತು ಗೊತ್ತಾ? ಸನ್ನೆಯನ್ನು ಮುಂದಕ್ಕೆ ನೂಕಿದರೆ ವೇಗ, ಹಿಂದಕ್ಕೆ ಎಳೆದರೆ ಬ್ರೇಕು ಎಂದು ಮಾಡಿದ್ದೆವು. ಸಾಲಿನ ನಡುವೆ ಸೊಗಸಾಗಿ ಹೋಗುತ್ತಿದ್ದೆ. ಒಂದು ಬೇರು ಅಡ್ಡ ಬಂತು, ಕಾರು ಕುಕ್ಕಿತು, ನನ್ನ ಮೈ ಮುಂದಕ್ಕೆ ಬಿತ್ತು, ಕೈಯೂ ಮುಂದಕ್ಕೆ ಹೋಯಿತು. ಬ್ರೇಕಿನ ಬದಲು ವೇಗ! ಪಕ್ಕದಲ್ಲಿದ್ದ ಕದಿರೇಶ್ "ಅಕ್ಕಾ! ಅಕ್ಕಾ!" ಎಂದು ಕಿರುಚುತ್ತಿರುವಾಗಲೇ ಒಣ ಎಲೆಯ ಗುಡ್ಡೆಗೆ ನುಗ್ಗಿ ನಿಂತೆವು. ಇಬ್ಬರ ಬಾಯಲ್ಲೂ ಎಲೆ. ಅಮ್ಮ ಓಡಿ ಬಂದು ಮೊದಲು ನಮ್ಮ ಕೈಕಾಲು ಮುಟ್ಟಿ ನೋಡಿದಳು, ಆಮೇಲೆ ಇಬ್ಬರ ತಲೆಗೂ ಒಂದೊಂದು ಮೊಟಕಿದಳು. ಅಲ್ಲೇ ಕೂತು ಯೋಚಿಸಿದೆವು. ಮೈ ಮುಂದಕ್ಕೆ ಬಿದ್ದಾಗ ಕೈ ಎಲ್ಲಿಗೆ ಹೋಗುತ್ತದೋ ಅಲ್ಲೇ ಬ್ರೇಕ್ ಇರಬೇಕು. ಎಲ್ಲ ಬಿಚ್ಚಿ ಉಲ್ಟಾ ಮಾಡಿದೆವು. ಮಧ್ಯಾಹ್ನದ ಹೊತ್ತಿಗೆ ಅದೇ ಬೇರಿನ ಮೇಲೆ ಹಾರಿಸಿದೆ, ತಾನಾಗಿಯೇ ಬ್ರೇಕ್ ಹಿಡಿದು ನಿಂತಿತು. ಆ ಖುಷಿಯನ್ನು ಹೇಗೆ ಬರೆಯಲಿ? ಕದಿರೇಶ್ ತೋಟದಲ್ಲಿ ಸುಮ್ಮನೆ ಓಡಾಡಿದ, ಎಲ್ಲಿಗೂ ಅಲ್ಲ, ಹೀಗೇ ಓಡಿದ.

ಅವನೇ ಇನ್ನೊಂದು ಮಾತು ಹೇಳಿದ: "ಸೊಂಟದಲ್ಲಿ ಹಿಡಿತ ಇಲ್ಲ ಅಂದ್ರೆ ತಿರುವಲ್ಲಿ ಪಕ್ಕಕ್ಕೆ ಬೀಳ್ತಾನೆ ಅಕ್ಕಾ. ಈ ಸೀಟು ಸಾಲಲ್ಲ." ಅಮ್ಮ ಅದನ್ನು ಕೇಳಿಸಿಕೊಂಡಳು. ಮನೆಗೆ ಬಂದು ಹೊಲಿಗೆ ಯಂತ್ರ ಎಳೆದುಕೊಂಡಳು. ಎರಡೂ ಪಕ್ಕೆಯನ್ನು ತಬ್ಬಿ ಹಿಡಿಯುವ ಹಾಗೆ ದಪ್ಪ ಸ್ಪಂಜು, ಎದೆಗೆ ಅಗಲವಾದ ಪಟ್ಟಿ. ಸೀಟಿನ ಬಟ್ಟೆ ಯಾವುದು ಗೊತ್ತಾ? ಗೃಹಪ್ರವೇಶಕ್ಕೆ ತಂದಿದ್ದ ಆ ನೀಲಿ ಕರ್ಟನ್ನು. ಸ್ಪೋರ್ಟ್ಸ್ ಕಾರಿನಲ್ಲಿ ಹೂವಿನ ಕರ್ಟನ್! ನೀನು ಮೂಗು ಮುರಿಯುತ್ತೀಯ, ಮುರಿ.

ಹೋದ ಶನಿವಾರ ಮಾಲೂರಿನ ಹತ್ತಿರ ಕಾಲೇಜು ಹುಡುಗರು ತಾವೇ ಕಟ್ಟಿದ ಕಾರುಗಳ ಸ್ಪರ್ಧೆ ಇತ್ತು. ಮಣ್ಣಿನ ಮೈದಾನ, ಟೈರು ಜೋಡಿಸಿ ತಿರುವುಗಳು, ಒಬ್ಬೊಬ್ಬರಾಗಿ ಓಡಬೇಕು. ಕಾರುಗಳನ್ನು ತಪಾಸಣೆ ಮಾಡಲು ಅಮರನಾಥ್ ಎಂಬ ಮೇಷ್ಟ್ರು ಇದ್ದರು. ಅಭ್ಯಾಸಬಲದಿಂದ ಪೆಡಲ್ ಒತ್ತಿಬಿಟ್ಟೇನು ಎಂದು ನಾನು ಎರಡೂ ಕಾಲನ್ನು ಅಮ್ಮನ ಸೀರೆ ಅಂಚಿನಿಂದ ಕಟ್ಟಿಕೊಂಡಿದ್ದೆ. ಅವರು ಬಗ್ಗಿ ನೋಡಿದರು.

"ಕಾಲಿಗೆ ಏನಾಗಿದೆಯಮ್ಮಾ?"

"ನನಗೇನೂ ಆಗಿಲ್ಲ ಸರ್. ಇದು ನನ್ನ ತಮ್ಮನ ಕಾರು."

ಅವರು ಸನ್ನೆಯನ್ನು ಆಡಿಸಿದರು, ಬೆಸುಗೆಯನ್ನು ಉಗುರಿನಿಂದ ಕೆರೆದರು, ಎದೆಪಟ್ಟಿ ಎಳೆದು ನೋಡಿದರು. ತುಂಬಾ ಹೊತ್ತು. ಕೊನೆಗೆ, "ಕಾಲು ಬಿಚ್ಚು. ಬೆಂಕಿ ಹತ್ತಿದ್ರೆ ಎದ್ದು ಓಡ್ಬೇಕು. ಪೆಡಲ್ ಮುಟ್ದೆ ಓಡ್ಸೋದು ನಿನ್ನ ಮನಸ್ಸಿಗೆ ಬಿಟ್ಟಿದ್ದು," ಅಂದು ಕಾರಿನ ಮೇಲೆ ಚೀಟಿ ಅಂಟಿಸಿದರು.

ಬಾವುಟ ಬೀಸಿದರು ಅನಿ! ಮೊದಲ ತಿರುವಿನಲ್ಲಿ ಧೂಳು ಕಣ್ಣಿಗೆ ಬಂತು. ಎರಡನೆಯದರಲ್ಲಿ ಹಿಂದಿನ ಚಕ್ರ ಜಾರಿತು, ನೀನು ಹೇಳಿಕೊಟ್ಟ ಹಾಗೆ ಜಾರುವ ಕಡೆಗೇ ಸ್ಟೀರಿಂಗ್ ತಿರುಗಿಸಿದೆ, ಕಾರು ಬಾಲ ಒದರಿ ನೆಟ್ಟಗಾಯಿತು. ಎಲ್ಲರೂ ಕೂಗಿದರು. ಆ ಗದ್ದಲದ ನಡುವೆ ಒಂದು ದನಿ ಮಾತ್ರ ನನಗೆ ಬೇರೆಯಾಗಿ ಕೇಳಿಸಿತು: "ಪೋನೀ ತಲ್ಲೀ! ಪೋನೀ, ಪೋನೀ!" ಅಪ್ಪ! ಹುಳಕ್ಕೆ ಸೊಪ್ಪು ಹಾಕುವುದಿದೆ, ಬರುವುದಿಲ್ಲ ಅಂದಿದ್ದವರು, ಹಗ್ಗದ ಮೇಲೆ ಅರ್ಧ ಬಗ್ಗಿ, ಟವೆಲ್ ಬೀಸುತ್ತಾ, ತೆಲುಗಿನಲ್ಲಿ ಹೋಗಲಿ ತಾಯಿ, ಹೋಗಲಿ ಎಂದು ಬಸ್ ಕಂಡಕ್ಟರ್ ಹಾಗೆ ಕೂಗುತ್ತಿದ್ದಾರೆ! ಕೊನೆಯ ತಿರುವಿನಲ್ಲಿ ಟೈರಿನ ಗೋಡೆ ಎದುರಿಗೇ ಬಂದಾಗ ನನ್ನ ಬಲಗಾಲು ಬ್ರೇಕಿಗೆ ಹಾರಿತು ಕಣೋ. ಪೆಡಲಿನ ಮೇಲೇ ಹೋಗಿ ನಿಂತಿತ್ತು. ಒತ್ತಲಿಲ್ಲ. ಕೈ ಮುಂದಕ್ಕೆ ನೂಕಿದೆ. ಕಾರು ಬಗ್ಗಿತು, ತಿರುಗಿತು, ಗೆರೆ ದಾಟಿತು.

ಗೆದ್ದೆವಾ? ಇಲ್ಲಪ್ಪ. ಐದನೆಯವರು. ಆದರೆ ನಮ್ಮ ಹಿಂದೆಯೂ ಕಾರುಗಳಿದ್ದವು, ಅವೆಲ್ಲ ಎರಡು ಕೈ ಎರಡು ಕಾಲಿನವು! ಅಮರನಾಥ್ ಸರ್ ಬಂದು, ಇಂಥ ಕಾರನ್ನು ರಸ್ತೆಗೆ ತರಲು ಆರ್‌ಟಿಒದಲ್ಲಿ ಒಪ್ಪಿಗೆ ಪಡೆಯುವ ದಾರಿಯಿದೆ, ಸನ್ನೆಯ ಬೆಸುಗೆಯನ್ನು ಇನ್ನೂ ಗಟ್ಟಿ ಮಾಡಿ ತಂದರೆ ತಾವೇ ಜೊತೆಗೆ ಬರುವುದಾಗಿ ಹೇಳಿದರು.

ಎಲ್ಲರೂ ಹೋದ ಮೇಲೆ ಅಪ್ಪ ಮೆಲ್ಲಗೆ ಕಾರಿನಲ್ಲಿ ಕೂತರು. ಸನ್ನೆ ಹಿಡಿದು ನೋಡಿದರು. "ಇದು ನಿನ್ನ ಕೈ ಅಳತೆಗೆ ಮಾಡಿರೋದು. ಅವನ ಕೈ ಉದ್ದ ಅಲ್ವಾ?" ಅಂದರು. ನಿನ್ನ ಹೆಸರನ್ನು ಅಪ್ಪ ಹೇಳಲಿಲ್ಲ, ಆದರೆ ಎಂಟು ತಿಂಗಳಿನಿಂದ ನಿನ್ನ ಬಗ್ಗೆ ಅವರು ಆಸ್ಪತ್ರೆ ಮಾತು ಬಿಟ್ಟು ಬೇರೆ ಮಾತಾಡಿದ್ದು ಇದೇ ಮೊದಲು. ಹಾಗಾಗಿ ಭುಜದಿಂದ ಅಂಗೈವರೆಗಿನ ಅಳತೆ ತೆಗೆಸಿ ಕಳಿಸು. ಕಾರು ನಿನಗೆ ಇಷ್ಟವಾಗದಿದ್ದರೆ ಅದನ್ನೂ ಬರೆ. ಕರ್ಟನ್ ಚೆನ್ನಾಗಿಲ್ಲ, ಸದ್ದು ಸಾಲದು, ಏನು ಬೇಕಾದರೂ ಬರೆ. ನಿನ್ನನ್ನು ಕೇಳದೆ ನಿನ್ನ ಕಾರು ಬಿಚ್ಚಿದ್ದೇವೆ, ಜಗಳವಾಡಲು ನಿನಗೆ ಹಕ್ಕಿದೆ.

ವ್ಯಾಯಾಮ ತಪ್ಪಿಸಬೇಡ, ಊಟ ಬಿಡಬೇಡ. ನಿನ್ನ ತೋಳಿಗೆ ಬಲ ತುಂಬಲಿ, ಮನಸ್ಸು ಹಗುರಾಗಲಿ ಎಂದು ನಿನ್ನ ಅಕ್ಕ ಎರಡೂ ಕೈ ನಿನ್ನ ತಲೆಯ ಮೇಲಿಟ್ಟು ಹರಸುತ್ತಿದ್ದಾಳೆ. ಅಮ್ಮ ಮುತ್ತು ಕಳಿಸಿದ್ದಾಳೆ, ಕದಿರೇಶ್ ಗ್ರೀಸ್ ಮೆತ್ತಿದ ಕೈಯಿಂದ ಸಲಾಂ ಕಳಿಸಿದ್ದಾನೆ.

ನಿನ್ನ,
ತ್ರಿವೇಣಿ ಅಕ್ಕ

ಮರೆತ ಮಾತು: ಮರೆತದ್ದಲ್ಲ, ಇಷ್ಟುದ್ದ ಬರೆದದ್ದೇ ಇದನ್ನು ಬರೆಯಲಾಗದೆ. ಓಟದ ಮಾರನೆಯ ದಿನ, ಭಾನುವಾರ, ಇದನ್ನೆಲ್ಲ ಬಾಯಲ್ಲೇ ಹೇಳೋಣವೆಂದು ನಾನೂ ಅಮ್ಮನೂ ಮೊದಲ ಬಸ್ಸಿಗೇ ಬಂದಿದ್ದೆವು. ನೀನು ಮಲಗಿದ್ದೀಯ, ಎಬ್ಬಿಸುವುದು ಬೇಡ ಎಂದು ಸುನಂದ ಅವರು ಬಾಗಿಲಲ್ಲೇ ಹೇಳಿದರು. ಅಮ್ಮ ನಂಬಿದಳು. "ಮಲಕ್ಕೊಳ್ಳಿ ಬಿಡು, ನೋವಿನಲ್ಲಿ ಎಷ್ಟು ದಿನದಿಂದ ನಿದ್ದೆಗೆಟ್ಟಿದ್ನೋ," ಎಂದು ಬುತ್ತಿ ಕೊಟ್ಟು ಹೊರಗಿನ ಬೆಂಚಿನ ಮೇಲೆ ಸಂಜೆಯವರೆಗೂ ಕೂತಿದ್ದಳು. ನಾನು ಒಮ್ಮೆ ಬಾಗಿಲ ಗಾಜಿನಿಂದ ಇಣುಕಿದೆ. ನಿನ್ನ ಕಣ್ಣು ತೆರೆದಿತ್ತು. ನೀನು ನನ್ನನ್ನು ನೋಡಿದೆ. ನೋಡಿ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡೆ. ಅಮ್ಮನಿಗೆ ಹೇಳಿಲ್ಲ, ಹೇಳುವುದೂ ಇಲ್ಲ. ಈ ಭಾನುವಾರ ಮತ್ತೆ ಬರುತ್ತೇವೆ. ಮಾತಾಡಬೇಡ, ನಗಬೇಡ, ಕಾರಿನ ಸುದ್ದಿಯನ್ನೂ ಎತ್ತುವುದಿಲ್ಲ. ನಮಗೆ ಬೆನ್ನು ಮಾತ್ರ ತೋರಿಸಬೇಡ ಅನಿ.